ಫ್ರಾನ್ಸಿನಲ್ಲಿದ್ದು ಬೇಜಾರು ಅನ್ನುವುದು ಹೇಗೆ?

(ಕುಟುಂಬದ ಒಪ್ಪಿಗೆ ಪಡೆದು ಬರೆದದ್ದು. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ತಾಯಿ ಆಪ್ತಸಲಹೆಗಾರ್ತಿಯಾದ ನನ್ನನ್ನು ಹುಡುಕಿಕೊಂಡು ಬಂದದ್ದು ಒಂದೇ ದೂರಿನ ಮೇಲೆ: ಮಗ ಸುಳ್ಳು ಹೇಳುತ್ತಿದ್ದಾನೆ.

ಹುಡುಗನಿಗೆ ಒಂಬತ್ತು ವರ್ಷ. ನೀಲ್ ಎಂದು ಕರೆಯೋಣ. ಹುಟ್ಟಿ ಬೆಳೆದದ್ದು ಅಮೆರಿಕದ ಒಹಾಯೊದಲ್ಲಿ. ತಂದೆ ಅಲ್ಲಿಯವರೇ, ವಿಮಾನ ಉದ್ಯಮದಲ್ಲಿ ಎಂಜಿನಿಯರ್. ತಾಯಿ ಹಾಸನದ ಕಡೆಯವರು. ಮೂರು ವರ್ಷದ ಮಟ್ಟಿಗೆ ತಂದೆಗೆ ಫ್ರಾನ್ಸಿನ ಟುಲೂಸ್‌ನಲ್ಲಿ ಕೆಲಸವಾಗಿ, ಬೇಸಿಗೆ ಮುಗಿಯುವ ಹೊತ್ತಿಗೆ ಕುಟುಂಬ ಅಲ್ಲಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದಾಗ ನೀಲ್ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯ ನಾಲ್ಕನೇ ವರ್ಷಕ್ಕೆ ಸೇರಿದ. ಫ್ರೆಂಚಿನಲ್ಲಿ ಅವನಿಗೆ ಬರುತ್ತಿದ್ದದ್ದು ನಮಸ್ಕಾರ, ಥ್ಯಾಂಕ್ಸ್, ಅಷ್ಟೇ. ತಾಯಿಗೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡುವ ಆಪ್ತಸಲಹೆಗಾರರು ಸಿಗುತ್ತಿದ್ದರು, ಆದರೆ ತನ್ನ ಮಾತು ಕನ್ನಡದಲ್ಲೇ ಆಗಬೇಕು ಎಂದು ಅವರು ಆನ್‌ಲೈನ್‌ನಲ್ಲಿ ನನ್ನ ಬಳಿ ಬಂದರು. ನೀಲ್ ಜೊತೆ ನಾನು ಇಂಗ್ಲಿಷ್‌ನಲ್ಲಿ ಮಾತಾಡಿದೆ. ಚಳಿಗಾಲದಲ್ಲಿ ನಮಗೂ ಫ್ರಾನ್ಸಿಗೂ ನಾಲ್ಕೂವರೆ ಗಂಟೆ ಅಂತರ. ಅವನು ಶಾಲೆಯಿಂದ ಬಂದು ತಿಂಡಿ ತಿಂದು ಕೂರುವಾಗ ಮೈಸೂರಿನಲ್ಲಿ ರಾತ್ರಿ ಊಟ ಮುಗಿದಿರುತ್ತಿತ್ತು.

ಸುಳ್ಳು ಏನೆಂದರೆ ಲುಕಾ. ಪ್ರತಿ ಭಾನುವಾರ ಒಹಾಯೊದ ಅಜ್ಜ-ಅಜ್ಜಿಗೆ ವಿಡಿಯೊ ಕರೆ ಮಾಡುವಾಗ ನೀಲ್ ತನ್ನ ಗೆಳೆಯ ಲುಕಾನ ಬಗ್ಗೆ ಹೇಳುತ್ತಿದ್ದ. ಲುಕಾನ ಮನೆಯಲ್ಲಿ ನಾಯಿ ಇದೆ, ಲುಕಾ ತನಗೆ ಫ್ರೆಂಚ್ ಬೈಗುಳ ಕಲಿಸಿದ, ಲುಕಾ ಮತ್ತು ತಾನು ಊಟಕ್ಕೆ ಒಂದೇ ಮೇಜಿನಲ್ಲಿ ಕೂರುತ್ತೇವೆ. ಅವನನ್ನು ಮನೆಗೆ ಕರೆಯೋಣ ಎಂದು ತಾಯಿ ಶಾಲೆಯ ಗೇಟಿನಲ್ಲಿ ವಿಚಾರಿಸಿದಾಗ ತರಗತಿಯಲ್ಲಿ ಲುಕಾ ಎನ್ನುವ ಹುಡುಗನೇ ಇಲ್ಲ ಎಂದು ತಿಳಿಯಿತು. ಟೀಚರ್ ಇನ್ನೊಂದು ಮಾತು ಹೇಳಿದರು: ನೀಲ್ ಶಾಲೆಯಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ.

ತಂದೆಗೆ ಇದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಮಕ್ಕಳು ಭಾಷೆ ಬೇಗ ಹಿಡಿಯುತ್ತಾರೆ, ಆರು ತಿಂಗಳಲ್ಲಿ ನಮಗೇ ಕಲಿಸುತ್ತಾನೆ ಎನ್ನುವುದು ಅವರ ಲೆಕ್ಕ. 'ಥರ್ಡ್ ಕಲ್ಚರ್ ಕಿಡ್ಸ್', ಅಂದರೆ ಅಪ್ಪ-ಅಮ್ಮನ ದೇಶ ಬಿಟ್ಟು ಬೇರೆ ದೇಶದಲ್ಲಿ ಬೆಳೆಯುವ ಮಕ್ಕಳು, ಎಂಬ ವಿಚಾರವನ್ನೂ ಓದಿಕೊಂಡಿದ್ದರು. ಇಂಥ ಮಕ್ಕಳು ಮುಂದೆ ಎಲ್ಲಿ ಬೇಕಾದರೂ ಬದುಕುತ್ತಾರಂತೆ ಎಂದರು. ಈ ಹೆಸರನ್ನು ಬಳಕೆಗೆ ತಂದ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಂ 1950ರ ದಶಕದಲ್ಲಿ ಅಧ್ಯಯನಕ್ಕೆ ತೆಗೆದುಕೊಂಡದ್ದು ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರನ್ನೇ ಎಂದು ಹೇಳಿದಾಗ ಅವರಿಗೆ ಖುಷಿಯಾಯಿತು. ಆದರೆ ಮುಂದೆ ಎಲ್ಲಿ ಬೇಕಾದರೂ ಬದುಕಬಲ್ಲ ಹುಡುಗ ಈ ಮಂಗಳವಾರ ಮಧ್ಯಾಹ್ನ ಎಲ್ಲಿ ನಿಂತಿರುತ್ತಾನೆ ಎನ್ನುವುದು ನನಗೆ ಬೇಕಿತ್ತು.

ಗೋಡೆಯ ಪಕ್ಕ ನಿಂತಿರುತ್ತಾನೆ. ಇದನ್ನು ಹೇಳಲು ಅವನು ಸಾಕಷ್ಟು ಸಮಯ ತೆಗೆದುಕೊಂಡ. ತರಗತಿಯಲ್ಲಿ ಕೂತಿರುವುದು ಕಷ್ಟವಲ್ಲ, ಕಪ್ಪುಹಲಗೆ ನೋಡುತ್ತಾ ಇರಬಹುದು. ಕಷ್ಟ ಇರುವುದು ಮಧ್ಯಾಹ್ನದ ಬಿಡುವಿನಲ್ಲಿ. ಅವನ ಹಳೆಯ ಶಾಲೆಯಲ್ಲಿ ಅರ್ಧ ಗಂಟೆಯೊಳಗೆ ಊಟದ ಡಬ್ಬಿ ಖಾಲಿ ಮಾಡಿ ಏಳುತ್ತಿದ್ದರು. ಫ್ರಾನ್ಸಿನ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಬಿಡುವು ಕಡಿಮೆಯೆಂದರೂ ಒಂದೂವರೆ ಗಂಟೆ. ಮನೆಯಿಂದ ಡಬ್ಬಿ ತರುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಕ್ಯಾಂಟೀನಿನಲ್ಲಿ ಮೊದಲು ಸಲಾಡ್‌ನಂಥದ್ದು, ಆಮೇಲೆ ಮುಖ್ಯ ಊಟ, ಆಮೇಲೆ ಚೀಸ್, ಕೊನೆಗೆ ಹಣ್ಣೋ ಸಿಹಿಯೋ. ಅದೂ ಮುಗಿದ ಮೇಲೆ ಅಂಗಳದಲ್ಲಿ ಮಿಕ್ಕ ಹೊತ್ತೆಲ್ಲ ಹುಡುಗರು ಫುಟ್‌ಬಾಲ್ ಆಡುತ್ತಾರೆ. "ನನಗೆ ಗೊತ್ತಿರೋ ಫುಟ್‌ಬಾಲ್ ಅದಲ್ಲ," ಎಂದ ನೀಲ್. ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಬೇರೆಯದೇ ಆಟ.

ಯಾರಾದರೂ ಕಾಡುತ್ತಾರಾ, ಹೊಡೆಯುತ್ತಾರಾ ಎಂದು ಬೇರೆ ಬೇರೆ ದಿನ ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಒಬ್ಬ ಹುಡುಗ ಮಾತ್ರ ಅವನ ಬರವಣಿಗೆ ನೋಡಿ ಚಿಕ್ಕಪಾಪು ಥರ ಬರೀತಾನೆ ಎಂದಿದ್ದನಂತೆ. ಫ್ರೆಂಚ್ ಮಕ್ಕಳು ಮೊದಲ ವರ್ಷದಿಂದಲೇ ನಮ್ಮ ನಾಲ್ಕು ಗೆರೆ ಕಾಪಿಗಿಂತಲೂ ಒತ್ತಾದ ಗೆರೆಯ ಪುಸ್ತಕದಲ್ಲಿ ಕರ್ಸಿವ್ ಬರೆಯುತ್ತಾರೆ. ನೀಲ್ ಬಿಡಿ ಅಕ್ಷರ ಬರೆಯುವವನು. ಗಣಿತದಲ್ಲಿ ಅವನು ಗಟ್ಟಿಗ, ಆದರೂ ತಪ್ಪು ಬರುತ್ತಿತ್ತು. ನೋಟ್‌ಬುಕ್ಕಿನ ಫೋಟೊ ತರಿಸಿ ನೋಡಿದಾಗ ಕಾರಣ ಕಂಡಿತು. ಫ್ರೆಂಚರು 1ರ ತಲೆಗೆ ಉದ್ದ ಕೊಂಡಿ ಎಳೆಯುತ್ತಾರೆ, 7ರ ನಡುವೆ ಅಡ್ಡಗೆರೆ ಹಾಕುತ್ತಾರೆ. ಅಡ್ಡಗೆರೆಯಿಲ್ಲದ ಇವನ 7 ಟೀಚರ್ ಕಣ್ಣಿಗೆ 1. ದಶಮಾಂಶಕ್ಕೆ ಅಲ್ಲಿ ಚುಕ್ಕಿಯಲ್ಲ, ಅಲ್ಪವಿರಾಮ. ಒಹಾಯೊದಲ್ಲಿ ತರಗತಿಗೇ ಜಾಣ ಅನ್ನಿಸಿಕೊಂಡಿದ್ದ ಹುಡುಗ ಇಲ್ಲಿ ಉಕ್ತಲೇಖನದಲ್ಲಿ ಪುಟ ತುಂಬ ಕೆಂಪು ಶಾಯಿ ಪಡೆದು ಬರುತ್ತಿದ್ದ. ಎಲ್ಲಕ್ಕಿಂತ ಅವನು ಹೆದರಿದ್ದು ಪದ್ಯಕ್ಕೆ. ಕಂಠಪಾಠ ಮಾಡಿ, ಹಲಗೆಯ ಮುಂದೆ ಒಬ್ಬನೇ ನಿಂತು ಒಪ್ಪಿಸಬೇಕು.

ಇಷ್ಟನ್ನೂ ಅವನು ಮನೆಯಲ್ಲಿ ಯಾಕೆ ಹೇಳಲಿಲ್ಲ? ಈ ಪ್ರಕರಣದಲ್ಲಿ ನನಗೆ ಮುಖ್ಯವಾದದ್ದು ಇದೇ. ಹಳೆಯ ಶಾಲೆಯ ಗೆಳೆಯರು, ಅತ್ತೆ, ಅಜ್ಜ, ಅಜ್ಜಿ ಎಲ್ಲರೂ ಅವನಿಗೆ ಹೇಳುತ್ತಿದ್ದದ್ದು ಒಂದೇ ಮಾತು: ನೀನೆಷ್ಟು ಅದೃಷ್ಟವಂತ, ಫ್ರಾನ್ಸಿನಲ್ಲಿದ್ದೀಯ! ತಂದೆ ಶನಿವಾರ ಶನಿವಾರ ಯಾವುದಾದರೂ ಕೋಟೆಗೆ ಕರೆದುಕೊಂಡು ಹೋಗಿ ಫೋಟೊ ತೆಗೆದು ಕಳಿಸುತ್ತಿದ್ದರು. ಕಾರ್ಕಸಾನ್ ಕೋಟೆಯ ಮುಂದೆ ನಗುತ್ತಾ ನಿಂತ ಹುಡುಗ ತನಗೆ ಬೇಜಾರು ಎಂದರೆ ಯಾರು ನಂಬುತ್ತಾರೆ? ಬಡ ದೇಶಕ್ಕೋ ಯುದ್ಧದ ನಾಡಿಗೋ ಹೋದ ಮಗು ಅತ್ತರೆ ದೊಡ್ಡವರು ಅರ್ಥ ಮಾಡಿಕೊಳ್ಳುತ್ತಾರೆ. ಜನ ಆಸೆಪಡುವ ಊರಿಗೆ ಹೋದ ಮಗುವಿಗೆ ದೂರುವ ಹಕ್ಕೇ ಇರುವುದಿಲ್ಲ. ಪ್ರತಿ ಭಾನುವಾರ ಅಜ್ಜಿ "ಗೆಳೆಯರು ಸಿಕ್ಕರಾ? ಏನಾದರೂ ಫ್ರೆಂಚ್ ಮಾತಾಡು ನೋಡೋಣ" ಎನ್ನುವಾಗ ಅವರಿಗೆ ಬೇಕಾದದ್ದನ್ನು ಅವನು ಕೊಟ್ಟ. ಲುಕಾ ಹುಟ್ಟಿದ್ದು ಹಾಗೆ. ನನ್ನ ಕಣ್ಣಿಗೆ ಅದು ಸುಳ್ಳಿಗಿಂತ ಹೆಚ್ಚಾಗಿ ದೊಡ್ಡವರ ಮನಸ್ಸು ಕಾಯುವ ಕೆಲಸ. ಒಂಬತ್ತು ವರ್ಷದವನ ಹೆಗಲಿಗೆ ಭಾರವಾದದ್ದು.

ಇದನ್ನು ತಾಯಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೇಡಂ, ನಾನೂ ಅಮ್ಮಂಗೆ ದಿನಾ ಹಂಗೇ ಹೇಳೋದು. ಇಲ್ಲಿ ಎಲ್ಲಾ ಚೆನ್ನಾಗಿದೆ ಅಂತ. ಗೇಟ್ ಹತ್ರ ಬೇರೆ ಅಮ್ಮಂದಿರು ನಗ್ತಾ ಮಾತಾಡ್ತಿದ್ರೆ ನಾನು ಫೋನ್ ನೋಡ್ಕೊಂಡು ನಿಂತಿರ್ತೀನಿ," ಎಂದರು. ತಾಯಿ ಹಾಸನದ ಅಜ್ಜಿಯ ಜೊತೆ ಆಡುವ ಈ ಕನ್ನಡ ನೀಲ್‌ಗೂ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ತಾಯಿ ಯೋಚಿಸಿಕೊಂಡು ಬಂದಿದ್ದ ಪರಿಹಾರ ಶಾಲೆ ಬಿಡಿಸುವುದು. ಅಮೆರಿಕದ ನಾದಿನಿ ತನ್ನ ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡುತ್ತಾರೆ, ಹಾಗೆಯೇ ಮಾಡಿದರಾಯಿತು ಎಂದು. ಫ್ರಾನ್ಸಿನಲ್ಲಿ ಅದು ಅಷ್ಟು ಸಲೀಸಲ್ಲ. 2019ರಿಂದ ಮೂರನೇ ವಯಸ್ಸಿಗೇ ಶಿಕ್ಷಣ ಕಡ್ಡಾಯ. 2022ರಿಂದ ಮನೆಪಾಠಕ್ಕೆ ತಿಳಿಸಿದರೆ ಸಾಲದು, ಮೊದಲೇ ಅನುಮತಿ ಪಡೆಯಬೇಕು. ಕಾನೂನು ಬಿಡಿ, ಈ ಹುಡುಗನನ್ನು ಮನೆಯಲ್ಲಿ ಕೂರಿಸಿದರೆ ಲುಕಾ ಇನ್ನಷ್ಟು ಬೆಳೆಯುತ್ತಿದ್ದ.

ನಾನು ಮೊದಲು ಕೇಳಿಕೊಂಡದ್ದು ಭಾನುವಾರದ ಕರೆಯ ವಿಷಯ. ಫ್ರೆಂಚ್ ಮಾತಾಡಿಸುವುದು ನಿಲ್ಲಬೇಕು, ಗೆಳೆಯರ ಲೆಕ್ಕ ಕೇಳುವುದು ನಿಲ್ಲಬೇಕು. ಇದನ್ನು ತಂದೆಯೇ ತನ್ನ ಅಪ್ಪ-ಅಮ್ಮನಿಗೆ ಹೇಳಬೇಕು, ಸೊಸೆಯಲ್ಲ. ಲುಕಾನ ಬಗ್ಗೆ ವಿಚಾರಣೆ, ಕ್ಷಮೆ ಕೇಳಿಸುವುದು ಯಾವುದೂ ಬೇಡ. ಮನೆಯಲ್ಲಿ ಸಂಜೆ ತಿಂಡಿಯ ಹೊತ್ತಿಗೆ ಮೂವರಲ್ಲಿ ಯಾರು ಬೇಕಾದರೂ ಆ ದಿನದ ಕೆಟ್ಟದ್ದನ್ನು ಬೈದುಕೊಳ್ಳಬಹುದು, ಕೇಳಿದವರು "ಆದರೆ ನೋಡು..." ಎಂದು ಸಮಾಧಾನ ಹೇಳಬಾರದು. ತಾಯಿಯೇ ಮೊದಲು ಶುರು ಮಾಡಲಿ ಎಂದೆ. ತಂದೆಗೆ ಇದು ಹಿಡಿಸಲಿಲ್ಲ, ಗೊಣಗುವುದನ್ನು ಅಭ್ಯಾಸ ಮಾಡಿಸಿದಂತಾಗುತ್ತದೆ ಎಂದರು. ಒಂದು ತಿಂಗಳು ಮಾಡಿ ನೋಡಿ ಎಂದು ಒಪ್ಪಿಸಿದೆ.

ಶಾಲೆಯ ಕೆಲಸ ಇನ್ನೂ ಸುಲಭವಾಗಿತ್ತು, ಕೇಳಿರಲಿಲ್ಲ ಅಷ್ಟೇ. ಫ್ರೆಂಚ್ ಬಾರದೆ ಹೊರದೇಶದಿಂದ ಬಂದ ಮಕ್ಕಳಿಗೆ ಯುಪಿಇ2ಎ ಎಂಬ ಸರ್ಕಾರಿ ವ್ಯವಸ್ಥೆ ಇದೆ. ಮಗು ತನ್ನ ತರಗತಿಯಲ್ಲೇ ಇದ್ದುಕೊಂಡು ಕೆಲವು ಗಂಟೆ ಪ್ರತ್ಯೇಕವಾಗಿ ಫ್ರೆಂಚ್ ಕಲಿಯುತ್ತದೆ. ಅದು ನಿರಾಶ್ರಿತರ ಮಕ್ಕಳಿಗೆ ಮಾತ್ರ ಎಂದು ತಂದೆ ಭಾವಿಸಿದ್ದರು. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಭಾಷೆ ತಾನಾಗಿ ಬರುವುದಿಲ್ಲವಲ್ಲ. ಆಟದ ಮಾತಿಗೆ ಒಂದೆರಡು ವರ್ಷ, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂದು ಕೆನಡಾದ ಭಾಷಾ ಶಿಕ್ಷಣತಜ್ಞ ಜಿಮ್ ಕಮಿನ್ಸ್ ತೋರಿಸಿದ್ದನ್ನು ತಂದೆಗೆ ಹೇಳಿದೆ. ಟೀಚರಿಗೆ ಪತ್ರ ಬರೆದು, ಪದ್ಯವನ್ನು ಸದ್ಯಕ್ಕೆ ಅವರೊಬ್ಬರ ಮುಂದೆ ಒಪ್ಪಿಸಲು ಬಿಡಿ ಎಂದು ಕೇಳಲು ಹೇಳಿದೆ. ಅವರು ಎರಡು ಮಾತಾಡದೆ ಒಪ್ಪಿದರು. ವಾರದಲ್ಲಿ ಎರಡು ದಿನ ಊಟಕ್ಕೆ ಮನೆಗೆ ಕರೆದುಕೊಂಡು ಬನ್ನಿ, ಎಲ್ಲಾ ದಿನ ಬೇಡ ಎಂದೆ. ಗೆಳೆತನ ಆಗುವುದೂ ಅದೇ ಅಂಗಳದಲ್ಲಿ. ರಾತ್ರಿ ಇಂಗ್ಲಿಷ್ ಪುಸ್ತಕ ಓದುವುದನ್ನು ನಿಲ್ಲಿಸಿ ಫ್ರೆಂಚ್ ಓದಿಸುತ್ತಿದ್ದರು. ಇಂಗ್ಲಿಷ್ ಓದನ್ನು ಮತ್ತೆ ಶುರು ಮಾಡಿಸಿದೆ. ಅವನು ಜಾಣ ಅನ್ನಿಸಿಕೊಳ್ಳುವ ಜಾಗ ಒಂದಾದರೂ ಉಳಿಯಬೇಕು.

ಇನ್ನು ಆಟ. ಅಮೆರಿಕದಲ್ಲಿ ಮೇಲಿನ ತರಗತಿಗಳಿಗೆ ಬಂದರೆ ಶಾಲೆಯೇ ತಂಡ ಕಟ್ಟುತ್ತದೆ. ಫ್ರಾನ್ಸಿನಲ್ಲಿ ಮಕ್ಕಳ ಆಟವೆಲ್ಲ ಹೆಚ್ಚಾಗಿ ಊರಿನ ಕ್ಲಬ್ಬುಗಳಲ್ಲಿ. ಬುಧವಾರ ಮಧ್ಯಾಹ್ನ ಶಾಲೆ ಇರುವುದಿಲ್ಲ, ಅದು ಆಟಕ್ಕೆ ಒದಗುತ್ತದೆ. ಟುಲೂಸ್ ರಗ್ಬಿಯ ಊರು. ಮೊಟ್ಟೆಯಾಕಾರದ ಚೆಂಡು ನೀಲ್ ಕೈಗೆ ಹೊಸದಲ್ಲ, ಒಹಾಯೊದಲ್ಲಿ ಫ್ಲ್ಯಾಗ್ ಫುಟ್‌ಬಾಲ್ (ಮೈಮೇಲೆ ಬೀಳದೆ ಆಡುವ ಅಮೆರಿಕನ್ ಫುಟ್‌ಬಾಲ್) ಆಡಿದವನು. ಮೊದಲ ದಿನವೇ ಅವನು ಚೆಂಡನ್ನು ಚೆನ್ನಾಗಿ ಗುರಿಯಿಟ್ಟು ಮುಂದಕ್ಕೆ ಎಸೆದ. ರಗ್ಬಿಯಲ್ಲಿ ಮುಂದಕ್ಕೆ ಎಸೆಯುವಂತಿಲ್ಲ. ಹುಡುಗರೆಲ್ಲ "ಆನಾವಾಂ! ಆನಾವಾಂ!" ಎಂದು ಕೂಗಿದರು. ಮರುವಾರ ಬೇರೊಬ್ಬ ಅದೇ ತಪ್ಪು ಮಾಡಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದವನು ನೀಲ್ ಎಂದು ತಾಯಿ ವರದಿ ಕೊಟ್ಟರು.

ಒಂದು ಎಚ್ಚರಿಕೆಯನ್ನು ಓದುಗರಿಗೂ ಹೇಳಬೇಕು. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಮೌನವಾಗಿ ಕೇಳಿಸಿಕೊಳ್ಳುವುದು ಸಹಜ. ಆದರೆ ಮನೆಭಾಷೆಯಲ್ಲೂ ಮಾತು ನಿಂತರೆ, ತನ್ನ ಭಾಷೆ ಬಲ್ಲ ಹೊರಗಿನವರ ಹತ್ತಿರವೂ ಬಾಯಿ ಬಿಡದಿದ್ದರೆ, ಶಾಲೆಯಿರುವ ದಿನ ಬೆಳಿಗ್ಗೆ ಹೊಟ್ಟೆನೋವು, ನಿದ್ರೆ ಕೆಡುವುದು ಮುಂದುವರಿದರೆ ನನ್ನಂಥವರ ಆನ್‌ಲೈನ್ ಮಾತು ಸಾಲದು. ಮಕ್ಕಳ ವೈದ್ಯರನ್ನು ಕಾಣಬೇಕು. ಫ್ರಾನ್ಸಿನಲ್ಲಿ ಸಿಎಂಪಿ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಿವೆ. ಸರದಿ ಉದ್ದ ಇರುತ್ತದೆ, ಹಾಗಾಗಿ ತಡಮಾಡಬಾರದು. ನೀಲ್‌ಗೆ ಅದು ಬೇಕಾಗಲಿಲ್ಲ. ಮನೆಯಲ್ಲಿ ಅವನ ಬಾಯಿ ನಿಲ್ಲುತ್ತಿರಲಿಲ್ಲ.

ಬೇಸಿಗೆಗೆ ಒಹಾಯೊದ ಅಜ್ಜಿ ಬರುವವರಿದ್ದರು. ಲುಕಾನನ್ನು ಕೇಳಿದರೆ ಏನು ಮಾಡುವುದು ಎಂದು ತಾಯಿಗೆ ಆತಂಕ. ನೀಲ್‌ನನ್ನೇ ಕೇಳಿ ಎಂದೆ. ಅಜ್ಜಿಗೆ ತಾನೇ ಹೇಳುತ್ತೇನೆ, ಆದರೆ ಆಗ ಅಮ್ಮ ಕೋಣೆಯಲ್ಲಿ ಇರಕೂಡದು ಎಂದನಂತೆ. ಏನು ಹೇಳಿದ ಎಂದು ಯಾರಿಗೂ ಗೊತ್ತಿಲ್ಲ, ಅಜ್ಜಿಯೂ ಬಾಯಿ ಬಿಟ್ಟಿಲ್ಲ.

ಉಕ್ತಲೇಖನ ಈಗಲೂ ಕೆಂಪೇ. ತಂದೆಯ ಹೊಸ ಆಲೋಚನೆ, ಮಾಧ್ಯಮಿಕ ಶಾಲೆಗೆ ಹೋಗುವಾಗ ಕೆಲವು ಪಾಠ ಇಂಗ್ಲಿಷ್‌ನಲ್ಲಿ ನಡೆಯುವ ಅಂತರರಾಷ್ಟ್ರೀಯ ವಿಭಾಗಕ್ಕೆ ಸೇರಿಸುವುದು. ಅದಕ್ಕೆ ಪ್ರವೇಶ ಪರೀಕ್ಷೆ ಇರುತ್ತದೆ, ಶಾಲೆಯೂ ಬೇರೆ ಊರಿನ ಕಡೆ. ಹೋದರೆ ಬುಧವಾರದ ರಗ್ಬಿ ಏನಾಗುತ್ತದೆ ಎಂಬುದು ನೀಲ್‌ನ ಪ್ರಶ್ನೆ. ಅರ್ಜಿ ಹಾಕುವ ಮೊದಲು ಕ್ಲಬ್ಬಿನ ವೇಳಾಪಟ್ಟಿ ತರಿಸಿಕೊಂಡು ಮೂವರೂ ಕೂತು ನೋಡಿ ಎಂದು ಹೇಳಿ ಕಳಿಸಿದ್ದೇನೆ.