ಹಳೆಯ ಬ್ಯಾಟ್‌ಮನ್ ಕಥೆಗಳಲ್ಲಿ ಬಿಲ್ ಫಿಂಗರ್ ಬರೆದದ್ದು ಯಾವುದು?

ಬಿಲ್ ಫಿಂಗರ್ ಬ್ಯಾಟ್‌ಮನ್ ಪಾತ್ರವನ್ನು ಚಿತ್ರಕಾರ ಬಾಬ್ ಕೇನ್ ಜೊತೆ ಸೃಷ್ಟಿಸಿದ ಬರಹಗಾರ. ಆದರೂ ನಿಮ್ಮಲ್ಲಿರುವ ಹಳೆಯ ಬ್ಯಾಟ್‌ಮನ್ ಸಂಕಲನದ ಎಲ್ಲ ಕಥೆಗಳ ಮೇಲೂ ಕೇನ್ ಹೆಸರೇ ಇದ್ದರೆ ಅದು ಅಚ್ಚಿನ ತಪ್ಪಲ್ಲ. ಕೇನ್ ಮಾಡಿಕೊಂಡ ಕರಾರು ಹಾಗಿತ್ತು. ಬರೆದವರು ಯಾರೇ ಇರಲಿ, ಹೆಸರು ಕೇನ್ ಅವರದೇ.

ಮೊದಲು ಪ್ರತಿ ಕಥೆ ಮೂಲದಲ್ಲಿ ಯಾವ ಪತ್ರಿಕೆಯ ಎಷ್ಟನೇ ಸಂಚಿಕೆಯಲ್ಲಿ ಬಂತು ಅಂತ ನೋಡಿ. ಪರಿವಿಡಿಯಲ್ಲೋ ಕೊನೆಯ ಪುಟದಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಸಂಖ್ಯೆಯನ್ನು ಕಾಮಿಕ್ಸ್ ಸಂಚಿಕೆಗಳ ವಿವರ ಕೊಡುವ ಜಾಲತಾಣವಾದ ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್‌ನಲ್ಲಿ ಹುಡುಕಿ. ಅಲ್ಲಿ ಒಂದೊಂದು ಕಥೆಗೂ ಬರಹಗಾರರ ಹೆಸರು ಬೇರೆಯಾಗಿ ಕೊಟ್ಟಿರುತ್ತಾರೆ. ಹೆಸರಿನ ಪಕ್ಕ ಪ್ರಶ್ನೆ ಚಿಹ್ನೆ ಇದ್ದರೆ ಅದು ಊಹೆ. ಅಂಥದ್ದನ್ನು ಖಚಿತ ಅಂತ ಬರೆದುಕೊಳ್ಳಬೇಡಿ.

ಇನ್ನೊಂದು ಕಡೆ ಜಾಸ್ತಿ ಜನ ಎಡವುತ್ತಾರೆ. 2015ರ ನಂತರದ ಪುಸ್ತಕಗಳಲ್ಲಿ ಕೇನ್ ಜೊತೆ ಫಿಂಗರ್ ಹೆಸರೂ ಇರುತ್ತದೆ. ಅದು ಪಾತ್ರ ಸೃಷ್ಟಿಸಿದ್ದಕ್ಕೆ ಸಿಕ್ಕ ಮನ್ನಣೆ, ಆ ಕಥೆ ಅವರೇ ಬರೆದರು ಅಂತಲ್ಲ. ಫಿಂಗರ್ 1974ರಲ್ಲೇ ತೀರಿಕೊಂಡಿದ್ದರು. ಇದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಡಿಟೆಕ್ಟಿವ್ ಕಾಮಿಕ್ಸ್ 27ರಿಂದ (1939) ಶುರು ಮಾಡಿ. ಬ್ಯಾಟ್‌ಮನ್‌ನ ಆ ಮೊದಲ ಕಥೆ ಫಿಂಗರ್ ಅವರದೇ. ಬ್ಯಾಟ್‌ಮನ್ ಆಚೆಗೂ ಹೋಗಬೇಕಾದರೆ ಆಲ್-ಅಮೆರಿಕನ್ ಕಾಮಿಕ್ಸ್ 16 (1940) ನೋಡಿ. ಚಿತ್ರಕಾರ ಮಾರ್ಟಿನ್ ನೋಡೆಲ್ ಜೊತೆ ಫಿಂಗರ್ ಮಾಡಿದ, ಗ್ರೀನ್ ಲ್ಯಾಂಟರ್ನ್ ಎಂಬ ಸೂಪರ್‌ಹೀರೋನ ಮೊದಲ ಕಥೆ ಅಲ್ಲಿದೆ.