ಗಡಿಕಲ್ಲು ಕಳೆದ ಊರಿನಲ್ಲಿ ಅಣ್ಣನ ಸರ್ಟಿಫಿಕೇಟು

"ಗಣಿ ಮತ್ತೆ ಜೋರಾಗಿದೆಯಂತೆ, ಆದರೂ ನೀವು ಬಳ್ಳಾರಿಯವರು ಇನ್ನೂ ಬೆಂಗಳೂರಿಗೇ ಯಾಕೆ ಬರ್ತೀರಿ? ಊರಲ್ಲೇ ಕೆಲಸ ಇಲ್ವಾ?" ಅಂತ ಮೊನ್ನೆ ಕೇಳಿದೆ ನೀನು. ಆಮೇಲೆ ನಗುತ್ತಾ, "ಅಥವಾ ನಿಮ್ಮನ್ನ ಆಂಧ್ರದೋರು ಅಂತಲೇ ಲೆಕ್ಕ ಹಾಕಬೇಕಾ?" ಅಂದೆ. ಅಷ್ಟರಲ್ಲಿ ನಿನಗೆ ಫೋನ್ ಬಂತು. ನನ್ನ ಉತ್ತರ ಬಾಯಲ್ಲೇ ಉಳಿಯಿತು. ರಾತ್ರಿ ರೈಲಿನಲ್ಲಿ ಮಲಗಿದ ಮೇಲೆ ಒಂದೊಂದೇ ಹೊಳೆಯತೊಡಗಿತು. ನನಗೆ ಯಾವಾಗಲೂ ಹೀಗೇ.

ರೈಲು ಅಂದೆನಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರು ಬಿಟ್ಟರೆ ಹಿಂದೂಪುರ, ಧರ್ಮಾವರಂ, ಅನಂತಪುರ, ಗುಂತಕಲ್ ದಾಟಿಯೇ ಬಳ್ಳಾರಿಗೆ ಬರುವುದು. ನಮ್ಮದೇ ರಾಜಧಾನಿಯಿಂದ ನಮ್ಮದೇ ಊರಿಗೆ ಬರಲು ರಾತ್ರಿಯೆಲ್ಲ ಆಂಧ್ರದಲ್ಲಿ ನಿದ್ದೆ ಮಾಡಬೇಕು. ಇದು ನಮಗೆ ವಿಚಿತ್ರ ಅಂತ ಅನಿಸುವುದೇ ಇಲ್ಲ. ನಿನ್ನಂಥವರು ಕೇಳಿದಾಗ ಮಾತ್ರ ಅನಿಸುತ್ತದೆ.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೌಲ್ ಬಜಾರಿಗೆ ಹೋದರೆ ಉರ್ದು. ಮಂಡಕ್ಕಿಗೆ ನಾವು ಒಗ್ಗರಣೆ ಅನ್ನುತ್ತೇವೆ, ಆಚೆಯವರು ಉಗ್ಗಾಣಿ ಅನ್ನುತ್ತಾರೆ. ಪಕ್ಕದಲ್ಲಿ ಮಿರ್ಚಿ ಎರಡೂ ಕಡೆ ಬೇಕೇ ಬೇಕು. ನನ್ನ ತೆಲುಗು ಕೇಳಿದ ರಾಯದುರ್ಗದವರು ಇವನು ಕನ್ನಡದೋನು ಅಂತ ಹಿಡಿದುಬಿಡುತ್ತಾರೆ. ನನ್ನ ಕನ್ನಡ ಕೇಳಿದ ನೀವು ತೆಲುಗಾ ಅಂತೀರಿ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ, ಆಲೂರು, ಆದೋನಿ ಎಲ್ಲ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕುಗಳು. ಎಲ್ಲ ಮದ್ರಾಸಿನ ಕೆಳಗೆ. ಅವತ್ತು ಆ ಮೂರು ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. ಬಳ್ಳಾರಿ ಇತ್ತಲೋ ಅತ್ತಲೋ ಅಂತ ಜಗಳ ಆಗಿ, ಜನ ಬೀದಿಗಿಳಿದು, ಕಷ್ಟಪಟ್ಟು ಇತ್ತ ಬಂದ ಊರು ಇದು. ಸುಮ್ನೆ ಬಂದಿದ್ದಲ್ಲ.

ಈಗ ಕೆಲಸದ ವಿಷಯ.

ಬಳ್ಳಾರಿ ಅಂದರೆ ನಿಮಗೆ ಗಣಿ ಧಣಿಗಳ ಹೆಲಿಕಾಪ್ಟರ್ ನೆನಪಾಗುತ್ತದೆ. ಹೆಲಿಕಾಪ್ಟರ್ ಇದ್ದದ್ದು ಬೆರಳೆಣಿಕೆ ಜನಕ್ಕೆ. ಉಳಿದವರಿಗೆ ಇದ್ದದ್ದು ಲಾರಿಯ ಕಂತು. ಚೀನಾದವರು ಅದಿರಿಗೆ ಬಾಯಿಬಿಟ್ಟುಕೊಂಡು ಕೂತಿದ್ದ ಕಾಲದಲ್ಲಿ ಸಂಡೂರು, ಹೊಸಪೇಟೆ ಕಡೆಯಿಂದ ಬೇಲೆಕೇರಿ ಬಂದರಿನವರೆಗೆ ಲಾರಿಗಳದ್ದೇ ಸಾಲು. ಗದ್ದೆ ಮಾರಿ ಲಾರಿ ತಗೊಂಡವರಿದ್ದರು. ನಮ್ಮಣ್ಣ 2009ರಲ್ಲಿ ಫೈನಾನ್ಸ್ ಮಾಡಿಸಿ ಒಂದು ಸೆಕೆಂಡ್ ಹ್ಯಾಂಡ್ ಲಾರಿ ತಂದ. ಅಮ್ಮ ನಿಂಬೆಹಣ್ಣು ಚಕ್ರಕ್ಕಿಟ್ಟು ಪೂಜೆ ಮಾಡಿದಳು. ಮುಂದಿನ ಗಾಜಿನ ಮೇಲೆ ಏನು ಬರೆಸಬೇಕು ಅಂತ ಮನೆಯಲ್ಲಿ ಮೂರು ದಿನ ಚರ್ಚೆ.

ಒಂದು ವರ್ಷ ಚೆನ್ನಾಗಿ ಓಡಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತಿಗೆ ಪರ್ಮಿಟ್ ಕೊಡುವುದು ನಿಲ್ಲಿಸಿತು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ. ಆ ಪರಿ ಅಗೆದರೆ ಯಾರಾದರೂ ನಿಲ್ಲಿಸಲೇಬೇಕಿತ್ತು. ನಾವು ಕುಡಿಯುವ ನೀರು, ಒಣಗಿಸಿದ ಬಟ್ಟೆ, ಹತ್ತಿ ಗಿಡದ ಎಲೆ ಎಲ್ಲ ಕೆಂಪಾಗಿತ್ತು. ಆದರೆ ಲೂಟಿ ಮಾಡಿದವರ ಮನೆಗೂ ಪಂಕ್ಚರ್ ಹಾಕುತ್ತಿದ್ದ ಹುಡುಗನ ಮನೆಗೂ ಅವತ್ತು ಒಂದೇ ಬೀಗ ಬಿತ್ತು. ಡ್ರೈವರು, ಕ್ಲೀನರು, ಢಾಬಾ, ಟೈರ್ ಅಂಗಡಿ, ರಿಪೇರಿ ಶೆಡ್ಡು ಎಲ್ಲ ಒಟ್ಟಿಗೆ ಮಲಗಿದವು. ರಸ್ತೆ ಪಕ್ಕದ ಜಾಲಿಯೊಳಗೆ ಲಾರಿಗಳು ತುಕ್ಕು ಹಿಡಿದು ನಿಂತವು. ನಮ್ಮಣ್ಣನದಕ್ಕೆ ತುಕ್ಕು ಹಿಡಿಯುವಷ್ಟು ಟೈಮ್ ಸಿಗಲಿಲ್ಲ. ಫೈನಾನ್ಸಿನವರು ಒಂದು ಬೆಳಗ್ಗೆ ಬಂದು ಎಳೆದುಕೊಂಡು ಹೋದರು. ಆ ನವೆಂಬರಿನಲ್ಲಿ ಅಣ್ಣ ಬೆಂಗಳೂರಿಗೆ ಹೋದ. ಇದೇ ರೈಲಿನಲ್ಲಿ, ಜನರಲ್ ಬೋಗಿಯಲ್ಲಿ. ಈ ತಿಂಗಳನ್ನ ಸ್ವಲ್ಪ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಚೇತರಿಕೆ ಆಯಿತಾ ಅಂದರೆ, ಆಯಿತು. 166 ಗಣಿ ಗುತ್ತಿಗೆಗಳನ್ನ ಶಾಲೆಯ ಗ್ರೇಡಿನ ಹಾಗೆ ಎ, ಬಿ, ಸಿ ಅಂತ ವಿಂಗಡಿಸಿದರು. ಎ ಗುಂಪಿನ ಕೆಲವಕ್ಕೆ 2012ರ ಸೆಪ್ಟೆಂಬರಿನಲ್ಲಿ ತೆರೆಯಲು ಒಪ್ಪಿಗೆ ಸಿಕ್ಕಿತು. ಸಿ ಗುಂಪಿನವುಗಳನ್ನ 2013ರ ಏಪ್ರಿಲ್ ತೀರ್ಪಿನಲ್ಲಿ ರದ್ದೇ ಮಾಡಿದರು. ಬಳ್ಳಾರಿಯಿಂದ ವರ್ಷಕ್ಕೆ ಎರಡೂವರೆ ಕೋಟಿ ಟನ್ ಅಂತ ಮಿತಿ ಹಾಕಿದ್ದರು. 2017ರಲ್ಲಿ ಅದು 2.8 ಕೋಟಿ ಆಯಿತು, 2022ರಲ್ಲಿ 3.5 ಕೋಟಿ. ಅದೇ 2022ರಲ್ಲಿ ರಫ್ತಿಗೂ ಒಪ್ಪಿಗೆ ಸಿಕ್ಕಿತು. ನೀನು ಪೇಪರಿನಲ್ಲಿ ಓದಿದ್ದು ಇದನ್ನೇ ಇರಬೇಕು.

ಆದರೆ ಟನ್ನಿನ ಲೆಕ್ಕ ಬೇರೆ, ತಲೆಯ ಲೆಕ್ಕ ಬೇರೆ ಮಾರಾಯ. ಮೊದಲು ಒಂದು ಗುಡ್ಡದ ಅದಿರು ಸಮುದ್ರ ಸೇರಬೇಕಾದರೆ ದಾರಿಯುದ್ದಕ್ಕೂ ನೂರು ಮನೆಯ ಒಲೆ ಉರಿಯುತ್ತಿತ್ತು. ಈಗ ಅದೇ ಅದಿರು ಗಣಿಯಿಂದ ಉಕ್ಕಿನ ಕಾರ್ಖಾನೆಗೆ ಕನ್ವೇಯರ್ ಬೆಲ್ಟಿನ ಮೇಲೆ, ಇಲ್ಲವೇ ರೈಲಿನ ವ್ಯಾಗನ್ನಿನಲ್ಲಿ ಹೋಗುತ್ತದೆ. ಬೆಲ್ಟು ಚಹಾ ಕುಡಿಯಲು ನಿಲ್ಲುವುದಿಲ್ಲ. ಕೆಲಸ ಇದೆ, ಇಲ್ಲ ಅಂತ ಸುಳ್ಳು ಹೇಳಲಾರೆ. ಆ ಕಾರ್ಖಾನೆಯಿರುವ ತೋರಣಗಲ್ಲು ಕಡೆ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಹೋದರೆ ಹೆಲ್ಮೆಟ್ ಹಿಡಿದ ಹುಡುಗರ ಜಾತ್ರೆ. ಅರ್ಧ ಜನ ಬೇರೆ ರಾಜ್ಯದವರು. ನಮ್ಮ ಹುಡುಗರದ್ದು ಜಾಸ್ತಿ ಗುತ್ತಿಗೆ ಕೆಲಸ. ಗುತ್ತಿಗೆದಾರ ಬದಲಾದ ಕೂಡಲೇ ಕತ್ತಿನ ಐಡಿ ಕಾರ್ಡೂ ಬದಲಾಗುತ್ತದೆ.

ಜೀನ್ಸ್ ಇದೆ. ಊರೆಲ್ಲ ಮನೆಮನೆಯಲ್ಲಿ ಹೊಲಿಯುತ್ತಾರೆ. ಕಟಿಂಗ್ ಒಂದು ಕಡೆ, ಕಾಜಾ-ಬಟನ್ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ, ಕೂಲಿ ಪೀಸಿನ ಲೆಕ್ಕದಲ್ಲಿ. ಅತ್ತಿಗೆ ಬೆರಳಿಗೆ ನೀಲಿ ಬಣ್ಣ ಹತ್ತಿ ಹತ್ತು ವರ್ಷವಾಯಿತು. ಹೊಲದ ಕಡೆ ಮೆಣಸಿನಕಾಯಿ ಇದೆ, ತುಂಗಭದ್ರಾ ಕಾಲುವೆಯ ದಯೆ ಇದ್ದರೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಜಿಲ್ಲೆ ಉಸಿರು ಹಿಡಿದು ಕೂತಿತ್ತು. ಅದೆಲ್ಲ ಇನ್ನೊಮ್ಮೆ ಹೇಳುತ್ತೇನೆ.

ಉಳಿದದ್ದು ಸರ್ಕಾರಿ ನೌಕರಿ. ಇಲ್ಲಿದೆ ನೋಡು ನಮ್ಮ ಗೋಳು.

ನಮಗೆ ಸಂವಿಧಾನದ 371(ಜೆ) ವಿಧಿ ಇದೆ. ನಿಮಗೆಲ್ಲ ಅದರ ಮೇಲೆ ಸ್ವಲ್ಪ ಹೊಟ್ಟೆಯುರಿ ಅಂತಲೂ ಗೊತ್ತು. ಈ ಭಾಗದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು: ಎ, ಬಿ ಗುಂಪಿನಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85. ಕಲಬುರಗಿ, ಬೀದರ್, ರಾಯಚೂರು ಜೊತೆಗೆ ಬಳ್ಳಾರಿಯನ್ನೂ ಸೇರಿಸಿದರು. ಕಾಗದದ ಹೆಸರು ಈಗ ಏನೇ ಇರಲಿ, ಊರಿನಲ್ಲಿ ಅದು "ಎಚ್‌ಕೆ ಸರ್ಟಿಫಿಕೇಟು". ಎಚ್‌ಕೆ ಅಂದರೆ ಹೈದರಾಬಾದ್ ಕರ್ನಾಟಕ. ನಿಜಾಮ ನಮ್ಮನ್ನ 1800ರಲ್ಲೇ ಬ್ರಿಟಿಷರಿಗೆ ಕೊಟ್ಟು ಕೈತೊಳೆದುಕೊಂಡಿದ್ದ. ಆದರೂ ಅವನ ಹೆಸರಿನ ಕಾಗದ ಹಿಡಿದು ನಾವು ಸಾಲಿನಲ್ಲಿ ನಿಂತಿದ್ದೇವೆ. ಇರಲಿ, ಸಿಕ್ಕಿದ್ದನ್ನ ಬೇಡ ಅನ್ನಬಾರದು.

ಬೆಂಗಳೂರಿನಲ್ಲಿ ಎರಡೂವರೆ ವರ್ಷ ನೀರಿನ ಟ್ಯಾಂಕರ್ ಓಡಿಸಿ ಅಣ್ಣ ವಾಪಸ್ ಬಂದ. ಕೆಲವು ವರ್ಷ ಅದೂ ಇದೂ ಮಾಡಿದ. ಆಮೇಲೆ ಸರ್ಕಾರಿ ಬಸ್ಸಿನ ಡ್ರೈವರ್ ಹುದ್ದೆಗೆ ಅರ್ಜಿ ಕರೆದರು. ಅವನ ಹತ್ತಿರ ಹೆವಿ ಲೈಸೆನ್ಸ್ ಇತ್ತು, ಘಾಟಿಯಲ್ಲಿ ಲೋಡ್ ಇಳಿಸಿದ ಕೈ. ಬೇಕಿದ್ದದ್ದು ಸ್ಥಳೀಯ ಅನ್ನುವ ಆ ಒಂದು ಕಾಗದ.

ಕಚೇರಿಯಲ್ಲಿ ಕನ್ನಡಕ ಹಾಕಿದ ಗುಮಾಸ್ತರು ಕೇಳಿದರು, "ಎಲ್ಲಿ ಹುಟ್ಟಿದ್ದಪ್ಪ?"

"ರಾಯದುರ್ಗ ಸರ್."

"ಆಂಧ್ರ."

"ಅಮ್ಮನ ತವರು ಸರ್. ಚೊಚ್ಚಲ ಹೆರಿಗೆ."

ಚೊಚ್ಚಲ ಹೆರಿಗೆ ತವರಿನಲ್ಲಿ ಅಲ್ಲದೆ ಇನ್ನೆಲ್ಲಿ ಆಗುತ್ತದೆ ಹೇಳು. ನಾನು ಎರಡನೆಯವನು, ಹಾಗಾಗಿ ಬಳ್ಳಾರಿಯಲ್ಲಿ ಹುಟ್ಟಿದೆ, ಹುಟ್ಟುತ್ತಲೇ ಸ್ಥಳೀಯನಾದೆ. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ರೇಷನ್ ಕಾರ್ಡು.

ಇಲ್ಲಿ ಹುಟ್ಟಿಲ್ಲ ಅಂದರೆ 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ಇಲ್ಲೇ ವಾಸ ಇದ್ದೆ ಅಂತ ತೋರಿಸಬೇಕು. ಗುಮಾಸ್ತರು ಹಾಳೆಯ ಹಿಂಬದಿ ತಿರುಗಿಸಿ ಪೆನ್ಸಿಲಿನಲ್ಲಿ ಲೆಕ್ಕ ಬರೆದರು. ನಾಲ್ಕನೇ ಕ್ಲಾಸಿನವರೆಗೆ ಅಣ್ಣ ಆಂಧ್ರದ ಡಿ. ಹಿರೇಹಾಳ್ ಕಡೆ ಅಜ್ಜನ ಮನೆಯಲ್ಲಿದ್ದ, ಅಲ್ಲಿನ ಕನ್ನಡ ಶಾಲೆಯಲ್ಲಿ. ಅದು ಬೇಡ ಅಂದರು. 2003ರಿಂದ 2008, ಹೈಸ್ಕೂಲು, ಐಟಿಐ, ಬಳ್ಳಾರಿಯದೇ ವ್ಯಾಸಂಗ ಪ್ರಮಾಣಪತ್ರ ಇದೆ. ಅದು ಸರಿ. 2008ರಿಂದ 2011, ಲಾರಿ. "ಲಾರಿಯಲ್ಲಿ ವಾಸ ಅಂತ ಬರೆಯೋಕಾಗಲ್ಲಪ್ಪ" ಅಂದರು. 2011ರ ನವೆಂಬರಿನಿಂದ ಬೆಂಗಳೂರು. ಪೆನ್ಸಿಲಿನಿಂದ ಅಲ್ಲೊಂದು ಸುತ್ತು ಹಾಕಿದರು. "ಇಲ್ಲಿ ತುಂಡಾಗ್ತದೆ ನೋಡು."

ಅರ್ಥ ಆಯ್ತಾ? ಗಣಿ ನಿಂತು ಕೆಲಸ ಹೋಯಿತು ಅಂತ ಊರು ಬಿಟ್ಟ. ಊರಿನಲ್ಲಿ ಕೆಲಸ ಬಂದಾಗ, ನೀನು ಆಗ ಊರು ಬಿಟ್ಟಿದ್ದೆಯಲ್ಲ ಅಂತ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎದುರಿಗೆ ನೂರು ಜನ, ಅದರಲ್ಲಿ ಸುಳ್ಳು ಕಾಗದ ತರುವವರೂ ಇರುತ್ತಾರೆ. ಸಿಟ್ಟು ಬಂದದ್ದು ಆ ಪೆನ್ಸಿಲ್ ಸುತ್ತಿನ ಮೇಲೆ.

ಅಪ್ಪನ ಕಡೆಯಿಂದಲೂ ಆಗುತ್ತದೆ ಅಂದರು. ಅಪ್ಪ ಬಳ್ಳಾರಿಯಲ್ಲೇ ಹುಟ್ಟಿದವನು, ಆದರೆ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಜನನ ಪತ್ರ ಇಲ್ಲ, ಶಾಲೆಗೆ ಹೋದವನೂ ಅಲ್ಲ. ಹಳೇ ಮತದಾರರ ಪಟ್ಟಿ ತೆಗೆಸಿದರೆ ಅದರಲ್ಲಿ ಅಪ್ಪನ ಹೆಸರು ಒಂದು ಅಕ್ಷರ ಬೇರೆ. ಅವನೇ ಇವನು ಅಂತ ಅಫಿಡವಿಟ್, ಛಾಪಾ ಕಾಗದ, ನೋಟರಿ. ಆಮೇಲೆ ಓಣಿಯಲ್ಲಿ ಪಂಚನಾಮೆ. ಎದುರುಮನೆ ಅಜ್ಜಿ ಹೆಬ್ಬೆಟ್ಟು ಒತ್ತುವಾಗ, "ಇವರಪ್ಪನ ಮೂಗು ಸೀಟಿದ್ದೇ ನಾನು, ಅದನ್ನೂ ಬರ್ಕೋರಿ" ಅಂದಳು. ಬರ್ಕೊಳ್ಳಲಿಲ್ಲ.

ಸರ್ಟಿಫಿಕೇಟು ಬಂತು. ಅರ್ಜಿಯ ಕೊನೇ ದಿನಾಂಕ ಮುಗಿದು ಹತ್ತೊಂಬತ್ತು ದಿನಕ್ಕೆ. ಅಮ್ಮ ಅದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟಿದ್ದಾಳೆ. ಅಣ್ಣ ಈಗ ಗುತ್ತಿಗೆಯಲ್ಲಿ ಕಾರ್ಖಾನೆಯ ಬಸ್ಸು ಓಡಿಸುತ್ತಾನೆ. ಮುಂದಿನ ಸಲ ಹುದ್ದೆ ಕರೆಯುವ ಹೊತ್ತಿಗೆ ವಯಸ್ಸು ಮೀರಿರುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಅಜ್ಜನ ಊರಿರುವ ಆ ಡಿ. ಹಿರೇಹಾಳ್ ಸೀಮೆಯಲ್ಲೇ ಓಬಳಾಪುರಂ ಇರುವುದು. ಅಲ್ಲಿ ಅದಿರಿಗಾಗಿ ಅಗೆದು ಅಗೆದು ಎರಡು ರಾಜ್ಯದ ಗಡಿ ಗುರುತುಗಳೇ ಕಾಣೆಯಾಗಿದ್ದವು. ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯನ್ನೂ 2006ರಲ್ಲಿ ಸಿಡಿಸಿ ಕೆಡವಿದರು. ಕರ್ನಾಟಕ ಎಲ್ಲಿ ಮುಗಿಯುತ್ತದೆ, ಆಂಧ್ರ ಎಲ್ಲಿ ಶುರುವಾಗುತ್ತದೆ ಅಂತ ಎರಡು ಸರ್ಕಾರಕ್ಕೂ ಜಗಳ. ಕೊನೆಗೆ ಸುಪ್ರೀಂ ಕೋರ್ಟ್ ಹೇಳಿ ಸರ್ವೆ ಆಫ್ ಇಂಡಿಯಾದವರು ಬಂದು ಅಳೆಯಬೇಕಾಯಿತು. ರಾಜ್ಯದ ಗಡಿ ಕಳೆದುಹೋದರೆ ಹುಡುಕಿಕೊಡಲು ಕೇಂದ್ರದಿಂದ ಜನ ಬರುತ್ತಾರೆ. ಅಣ್ಣ ಮಾತ್ರ ತಾನು ಯಾವ ಕಡೆಯವನು ಅಂತ ತಾನೇ ಹುಡುಕಿ, ಜೆರಾಕ್ಸ್ ಮಾಡಿಸಿ, ಸಹಿ ಹಾಕಿಸಿ ಕೊಡಬೇಕು.

ಈಗ ನನ್ನ ಹೆಂಡತಿಗೆ ಏಳನೇ ತಿಂಗಳು. ಅವಳ ತವರೂ ರಾಯದುರ್ಗವೇ. ಸೀಮಂತ ಮುಗಿಸಿ ಕರಕೊಂಡು ಹೋಗಲು ಮಾವ ಹೋದ ವಾರ ಕಾರು ತಂದಿದ್ದರು. ಅಮ್ಮ ಬಾಗಿಲಲ್ಲೇ, "ಬಾಣಂತನ ನೀವೇ ಮಾಡ್ರಿ, ಹೆರಿಗೆ ಮಾತ್ರ ಬಳ್ಳಾರಿಯಾಗೇ ಆಗ್ಲಿ" ಅಂದಳು. ಮಾವನ ಮುಖ ಸಣ್ಣದಾಯಿತು. ಚೊಚ್ಚಲ ಹೆರಿಗೆಗೆ ಮಗಳನ್ನ ಕಳಿಸಲಿಲ್ಲ ಅಂದರೆ ಅವರ ಕಡೆ ಜನ ಏನಂದಾರು? ಅಪ್ಪನ ಲೆಕ್ಕದಲ್ಲಿ ಮಗುವಿಗೂ ಸರ್ಟಿಫಿಕೇಟು ಸಿಗುತ್ತದೆ ಅಂತ ನಾನು ಅಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಕೇಳಲಿಲ್ಲ, ಟ್ರಂಕಿನ ಕಡೆ ಕೈ ತೋರಿಸಿದಳು, ಅಷ್ಟೇ. ಒಂದು ವಾರ ಫೋನಿನಲ್ಲಿ ಹಗ್ಗಜಗ್ಗಾಟ ಆಗಿ ಕೊನೆಗೆ ಅತ್ತೆಯೇ ಇಲ್ಲಿಗೆ ಬರುವುದು ಅಂತ ತೀರ್ಮಾನವಾಗಿದೆ. ಮುಂದಿನ ಭಾನುವಾರ ಬರುತ್ತಾರೆ, ಬಾಣಂತಿಯ ಖಾರದ ಡಬ್ಬಿ, ಹಳೇ ಸೀರೆಯ ಕೌದಿ, ತೊಟ್ಟಿಲು ಎಲ್ಲ ಬಸ್ಸಿನ ಮೇಲೆ ಹಾಕಿಸಿಕೊಂಡು.