ಹಳೇ ಪದ್ಮಿನಿ ಕಾರಿನೊಳಗೆ ಬಿಸಿ, ಸದ್ದು ಎರಡೂ ಜಾಸ್ತಿ. ಇಡೀ ಗಾಡಿಗೆ ಶೀಟ್ ಅಂಟಿಸಬೇಕಾ?

ನೀವು ಬರೆದಿರುವುದು ಇಷ್ಟು: ಪ್ರೀಮಿಯರ್ ಪದ್ಮಿನಿಗೆ ಬೇರೆ ಎಂಜಿನ್, ಫ್ಲೋರ್ ಗೇರ್, ಎಸಿ ಎಲ್ಲ ಹಾಕಿಸಿದ್ದೀರಿ. ಆದರೂ ಥಾಣೆಯಿಂದ ಮಾಟುಂಗ ಮುಟ್ಟುವಷ್ಟರಲ್ಲಿ ಪಾದ ಸುಡುತ್ತದೆ, ಪಕ್ಕದವರ ಮಾತು ಕೇಳಿಸುವುದಿಲ್ಲ. ಅಂಗಡಿಯವರು ಇಡೀ ಗಾಡಿಗೆ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ತಗ್ಗಿಸುವ, ಅಂಟುವ ಹಾಳೆ) ಅಂಟಿಸೋಣ ಅನ್ನುತ್ತಿದ್ದಾರೆ.

ಈಗಲೇ ಹೂಂ ಅನ್ನಬೇಡಿ. ನನ್ನ ಪದ್ಮಿನಿಗೂ ಕುರ್ಲಾದ ಒಂದು ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಿದ್ದೇನೆ, ಅರ್ಧ ನಾನೇ ಕೂತು ಮಾಡಿದ್ದೇನೆ. (ಗಾಡಿ ಹುಟ್ಟಿದ್ದೂ ಕುರ್ಲಾದಲ್ಲೇ ಅನ್ನಿ, ಪ್ರೀಮಿಯರ್ ಕಾರ್ಖಾನೆ ಇದ್ದದ್ದು ಅಲ್ಲೇ.)

ಮೊದಲು ತೂತು ಹುಡುಕಿ. ಹೆಚ್ಚಿನ ಪದ್ಮಿನಿಗಳಿಗೆ ಕಂಪನಿ ಕೊಟ್ಟ ಗೇರ್ ಇದ್ದದ್ದು ಸ್ಟೀರಿಂಗ್ ಪಕ್ಕದಲ್ಲಿ. ಅಂಥ ಗಾಡಿಗೆ ಫ್ಲೋರ್ ಗೇರ್ ಬೇಕೆಂದರೆ ನೆಲದ ತಗಡು ಕತ್ತರಿಸಲೇಬೇಕು. ಕತ್ತರಿಸಿದವರು ಮೇಲೆ ಒಂದು ರೆಕ್ಸಿನ್ ಚೀಲ ಕಟ್ಟಿ ಕೈ ತೊಳೆದುಕೊಂಡಿರುತ್ತಾರೆ. ಎಸಿ ಪೈಪು, ಹೊಸ ವೈರಿಂಗ್ ಹಾಯಿಸಲು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಫೈರ್‌ವಾಲ್‌ನಲ್ಲೂ ಕೊರೆದಿರುತ್ತಾರೆ. ಕತ್ತಲಾದ ಮೇಲೆ ಬಾನೆಟ್ ಎತ್ತಿ ಅಲ್ಲೊಂದು ಜೋರಾದ ಲೈಟ್ ಇಡಿ. ಒಳಗೆ ಬಂದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ನೋಡಿ. ಬೆಳಕು ಎಲ್ಲಿಂದ ಬರುತ್ತದೋ ಬಿಸಿಗಾಳಿ, ಸದ್ದು, ಹೊಗೆ ಎಲ್ಲವೂ ಅಲ್ಲಿಂದಲೇ. ವೈರು, ಪೈಪು ಹಾಯುವ ತೂತಿಗೆ ಗ್ರಾಮೆಟ್ (ರಬ್ಬರ್ ಬಳೆ) ಹಾಕಿ, ದೊಡ್ಡ ತೂತಿಗೆ ತಗಡು ಬೆಸೆಯಿಸಿ, ಗೇರ್ ಲಿವರ್‌ಗೆ ಸರಿಯಾದ ರಬ್ಬರ್ ಬೂಟ್ ಕೂರಿಸಿ. ಇದು ಬರೀ ಆರಾಮದ ಮಾತಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಗಾಜು ಏರಿಸಿ ಎಸಿ ಹಾಕಿಕೊಂಡು ಹೋಗುವವರಿಗೆ ಇದು ಜೀವದ ಪ್ರಶ್ನೆ.

ಜೊತೆಗೆ ಇಗ್ನಿಷನ್ ಟೈಮಿಂಗ್, ಅಂದರೆ ಎಂಜಿನ್ನಿನಲ್ಲಿ ಕಿಡಿ ಬೀಳುವ ಹೊತ್ತು, ನೋಡಿಸಿ. ಕಿಡಿ ತಡವಾಗಿ ಬಿದ್ದರೆ ಸೈಲೆನ್ಸರ್ ಪೈಪು ವಿಪರೀತ ಕಾಯುತ್ತದೆ, ನೆಲ ಸುಡುತ್ತದೆ. ಪೈಪಿಗೂ ನೆಲಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ಒಂದು ತಗಡಿನ ಹೀಟ್ ಶೀಲ್ಡ್ ಕಟ್ಟಿಸಿದರೆ ಪಾದದ ಉರಿ ಬಹಳ ಇಳಿಯುತ್ತದೆ. ಪೈಪಿಗೆ ಬ್ಯಾಂಡೇಜಿನಂತೆ ಸುತ್ತುವ ಪಟ್ಟಿ ಮುಂಬೈ ಮಳೆಗೆ ನನಗೆ ಇಷ್ಟವಿಲ್ಲ. ನೀರು ಹಿಡಿದಿಟ್ಟುಕೊಂಡು ಪೈಪನ್ನೇ ತಿನ್ನುತ್ತದೆ.

ಇಷ್ಟಾದ ಮೇಲೆ ಶೀಟ್. ಒಳ್ಳೆಯ ಡ್ಯಾಂಪಿಂಗ್ ಶೀಟ್ ಬ್ಯುಟೈಲ್ ಎಂಬ ರಬ್ಬರಿನದು. ಅದರ ಕೆಲಸ ತಗಡಿನ ನಡುಕ ನಿಲ್ಲಿಸುವುದು, ಅಷ್ಟೇ. ತಗಡನ್ನು ಬೆರಳಿನಿಂದ ತಟ್ಟಿ. ಢಣ್ ಎಂದರೆ ನಡುವಿಗೆ ಒಂದು ತುಂಡು ಅಂಟಿಸಿ ರೋಲರಿನಿಂದ ಒತ್ತಿ. ಡಬ್ ಎಂದರೆ ಸಾಕು, ಮುಂದೆ ಹೋಗಿ. ಅರ್ಧ ಜಾಗ ಮುಚ್ಚಿದರೂ ಫಲ ಬಹುಪಾಲು ಸಿಗುತ್ತದೆ. 2 ಮಿಲಿಮೀಟರ್ ಶೀಟ್ ಚದರ ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ. ಇಡೀ ಗಾಡಿಗೆ ಮೆತ್ತಿದರೆ ಒಬ್ಬ ಶಾಲೆ ಹುಡುಗನನ್ನು ಸದಾ ಹೊತ್ತು ತಿರುಗಿದ ಹಾಗೆ.

ಶೀಟಿನ ಮೇಲಿರುವ ಬೆಳ್ಳಿ ಬಣ್ಣದ ಹಾಳೆ ಬಿಸಿ ತಡೆಯುತ್ತದೆ ಎಂದು ಮಾರುತ್ತಾರೆ. ಅದರ ಮುಂದೆ ಖಾಲಿ ಜಾಗ ಇದ್ದರೆ ಹೌದು. ಕಾರ್ಪೆಟ್ ಕೆಳಗೆ ಒತ್ತಿಟ್ಟರೆ ಆ ಹೊಳಪು ಸುಮ್ನೆ. ಬಿಸಿಗೆ ಬೇಕಾದದ್ದು ನೀರು ಹೀರದ ನೈಟ್ರೈಲ್ ಫೋಮ್, ಎಸಿ ಡಕ್ಟಿಗೆ ಸುತ್ತುತ್ತಾರಲ್ಲ, ಅದೇ. ಫೈರ್‌ವಾಲ್ ಒಳಬದಿ, ಗೇರ್‌ಬಾಕ್ಸ್ ಮೇಲಿನ ಉಬ್ಬು, ಮುಂದಿನ ನೆಲ, ಇಷ್ಟಕ್ಕೆ ಹಾಕಿ. ಸೋಫಾ ಸ್ಪಂಜು ಬೇಡವೇ ಬೇಡ, ನೀರೂ ಕುಡಿಯುತ್ತದೆ, ಬೆಂಕಿಯೂ ಹಿಡಿಯುತ್ತದೆ. ಅಗ್ಗಕ್ಕೆ ಸಿಗುವ ಡಾಂಬರು ಶೀಟ್ ಮೇ ಬಿಸಿಲಿಗೆ ನಾರುತ್ತದೆ, ಇಳಿಯುತ್ತದೆ.

ಅಂಟಿಸುವ ಮುಂಚೆ ತುಕ್ಕು ಕೆರೆಸಿ, ಪ್ರೈಮರ್ ಹೊಡೆಸಿ. ನೆಲ ತೂತಾಗಿದ್ದರೆ ಟಿಂಕರಿಂಗ್ (ತಗಡಿನ ರಿಪೇರಿ) ಮೊದಲು. ಮಳೆಗಾಲದಲ್ಲಂತೂ ಈ ಕೆಲಸ ಹಚ್ಚಿಕೊಳ್ಳಬೇಡಿ. ತಗಡು ಒಣಗುವುದೇ ಇಲ್ಲ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ಕಂಡಿಗಳಿರುತ್ತವೆ, ಗ್ಯಾರೇಜ್ ಹುಡುಗರು ಅವುಗಳ ಮೇಲೂ ಅಂಟಿಸಿಬಿಡುತ್ತಾರೆ. ನಿಂತು ನೋಡಿ.

ಛಾವಣಿ ಈಗ ಮುಟ್ಟಬೇಡಿ. ಹಳೇ ಲೈನಿಂಗ್ ಬಿಚ್ಚಿದರೆ ಹರಿಯದೆ ಉಳಿಯುವುದು ಕಷ್ಟ. ಯಾವಾಗಲಾದರೂ ಹೊಸ ಲೈನಿಂಗ್ ಹಾಕಿಸುತ್ತೀರಲ್ವಾ, ಆಗ ಫೋಮ್ ಸೇರಿಸಿ. ಶೀಟ್ ಮುಂಬೈನ ಒಪೇರಾ ಹೌಸ್ ಕಡೆಯ ಅಂಗಡಿಗಳಲ್ಲಿ ಸಿಗುತ್ತದೆ. ತಗೊಳ್ಳುವ ಮುಂಚೆ ಒಂದು ಮೂಲೆ ಮೂಸಿ ನೋಡಿ. ಡಾಂಬರಿನ ವಾಸನೆ ಬಂದರೆ ಅದು ಬ್ಯುಟೈಲ್ ಅಲ್ಲ.